ಅರಳೆಯ ಧೂಳಿನಡಿಯ ಕನ್ನಡ ಕಾರ್ಡು

ಕಾಸರಗೋಡಿನ ಕನ್ನಡ ಬಂಧುಗಳಲ್ಲಿ ಮಂತ್ರಾಲಯಕ್ಕೆ ಹೋಗಿ ಬಂದವರು ಬಹಳ ಮಂದಿ ಇರಬಹುದು. ಗುಂತಕಲ್ಲಿನ ಕಡೆಯಿಂದ ರೈಲಿನಲ್ಲಿ ಹೋದವರು ಮಂತ್ರಾಲಯ ರೋಡ್ ನಿಲ್ದಾಣಕ್ಕೆ ಮುನ್ನ ಕಲ್ಲುಬೆಟ್ಟಗಳ ಬುಡದಲ್ಲಿ ಒಂದು ಊರನ್ನು ಕಂಡಿರುತ್ತಾರೆ. ತೆಲುಗಿನಲ್ಲಿ ಅದು ಆದೋನಿ, ನಮ್ಮ ಬಾಯಲ್ಲಿ ಆದವಾನಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಅತ್ತ ಹೋದುವು. ಉಳಿದ ಜಿಲ್ಲೆ ಮೈಸೂರಿಗೆ ಸೇರಿತು. ಮೂರು ವರ್ಷ ಕಳೆದು, 1956ರ ನವೆಂಬರ್ 1ರಂದು ಕಾಸರಗೋಡಿಗೆ ಆದದ್ದನ್ನು ನಿಮಗೆ ನಾವು ಹೇಳಬೇಕಾಗಿಲ್ಲ. ನೀವು ಮಲಯಾಳದ ನಡುವೆ, ನಾವು ತೆಲುಗಿನ ನಡುವೆ. ಈ ನೆಂಟಸ್ತಿಕೆಯ ಸಲುಗೆಯಿಂದಲೇ ಈ ಬರಹವನ್ನು ನಿಮ್ಮ ಪತ್ರಿಕೆಗೆ ಕಳಿಸುತ್ತಿದ್ದೇವೆ.

ವಿಷಯ ರಾಜಕೀಯದ್ದಲ್ಲ, ಕೊಳೆ ತೆಗೆಯುವುದರದ್ದು. ಹಳೆಯ ಕಂಪ್ಯೂಟರಿನ ಒಳಗಿನ ಬೋರ್ಡುಗಳ ಮೇಲೆ ಕೂತ ಕೊಳೆಯನ್ನು ಅಪಾಯವಿಲ್ಲದೆ ತೆಗೆಯುವುದು ಹೇಗೆ ಎಂಬುದು. ಇದು ಪತ್ರಿಕೆಯಲ್ಲಿ ಬರೆಯತಕ್ಕ ಸಂಗತಿಯೇ ಎಂದು ಕೆಲವರು ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಪ್ರಾರ್ಥನೆ.

ಆದವಾನಿ ಎಂದರೆ ಹತ್ತಿ. ಸುತ್ತಲಿನ ಎರೆಹೊಲಗಳ ಹತ್ತಿಯೆಲ್ಲ ಇಲ್ಲಿನ ಮಾರುಕಟ್ಟೆಗೆ ಬಂದು ಬೀಳುತ್ತದೆ. ಜಿನ್ನಿಂಗ್ ಗಿರಣಿಗಳಲ್ಲಿ ಬೀಜ ಬೇರೆ, ಅರಳೆ ಬೇರೆ ಆಗುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಗಾಳಿಗೆ ಏಳುತ್ತವೆ. ಮನೆಯ ಜೇಡರಬಲೆಯಲ್ಲಿ, ಫ್ಯಾನಿನ ರೆಕ್ಕೆಯ ಮೇಲೆ, ಗೋಡೆಯ ಗಡಿಯಾರದೊಳಗೆ ಎಲ್ಲೆಲ್ಲೂ ಅದೇ. ಬೇಸಿಗೆಯಲ್ಲಿ ಅದಕ್ಕೆ ಎರೆಮಣ್ಣಿನ ಪುಡಿ ಸೇರುತ್ತದೆ. ಫ್ಯಾನು ಇರುವ ಯಂತ್ರವೊಂದು ಇಂಥ ಊರಿನಲ್ಲಿ ಹತ್ತು ವರ್ಷ ಓಡಿದರೆ ಅದರ ಹೊಟ್ಟೆಯೊಳಗೆ ಒಂದು ಸಣ್ಣ ಹಾಸಿಗೆಯೇ ತಯಾರಾಗಿರುತ್ತದೆ.

ಅಂಥದೊಂದು ಯಂತ್ರ ನಮ್ಮ ಕೈಗೆ ಬಂತು. ಮೊದಲು ಅದು ಒಂದು ಚಿಕ್ಕ ಮುದ್ರಣಾಲಯದ್ದು. ಕನ್ನಡ, ತೆಲುಗು ಎರಡರಲ್ಲೂ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ ಅಚ್ಚು ಹಾಕುತ್ತಿದ್ದವರದು. ಮುದ್ರಣಾಲಯ ಮುಚ್ಚಿ ಕಾಲವಾಯಿತು. ಯಂತ್ರ ಗಿರಣಿಯ ಪಕ್ಕದ ಗೋದಾಮಿನಲ್ಲಿ ಬಿದ್ದಿತ್ತು, ಜೊತೆಗೆ ಒಂದು ರಟ್ಟಿನ ಪೆಟ್ಟಿಗೆಯ ತುಂಬ ಐದೂಕಾಲು ಅಂಗುಲದ ಫ್ಲಾಪಿಗಳು. ನಮ್ಮ ಭಾಗದ ನಿವೃತ್ತ ಕನ್ನಡ ಪಂಡಿತರೊಬ್ಬರು 1990ರ ದಶಕದಲ್ಲಿ ಸಂಜೆಯ ಹೊತ್ತು ಅಲ್ಲಿ ಕೂತು, ಆದವಾನಿ-ಆಲೂರು ಹಳ್ಳಿಗಳ ಕನ್ನಡ ಮಾತುಗಳನ್ನು ಅರ್ಥ ಸಹಿತ ಬೆರಳಚ್ಚು ಮಾಡಿದ್ದರು. ಬೇಸಾಯದ ಮಾತು, ನೇಯ್ಗೆಯ ಮಾತು, ಹೆಂಗಸರು ಬೀಸುವಾಗ ಕುಟ್ಟುವಾಗ ಆಡುವ ಮಾತು. ಹಸ್ತಪ್ರತಿ ಗೆದ್ದಲಿನ ಪಾಲಾಯಿತು. ಪಂಡಿತರೂ ಈಗ ಇಲ್ಲ. ಉಳಿದಿರುವುದು ಆ ಪೆಟ್ಟಿಗೆಯೊಂದೇ. ಯಂತ್ರವನ್ನು ತೂಕಕ್ಕೆ ಹಾಕಲು ಗುಜರಿಯವರು ಬಂದು ನಿಂತಿದ್ದರು.

ಇವತ್ತಿನ ಕಂಪ್ಯೂಟರಿಗೆ ಆ ಫ್ಲಾಪಿಗಳನ್ನು ಹಾಕಿ ನೋಡಬಾರದೇಕೆ ಎಂದು ನಮ್ಮ ವಿದ್ಯಾರ್ಥಿಗಳೂ ಕೇಳಿದರು. ಮೂರೂವರೆ ಅಂಗುಲದ ಫ್ಲಾಪಿಗಾದರೆ ಯುಎಸ್‌ಬಿ ತಂತಿಯಿಂದ ಜೋಡಿಸುವ ಡ್ರೈವು ಪೇಟೆಯಲ್ಲಿ ಸಿಗುತ್ತದೆ. ಐದೂಕಾಲು ಅಂಗುಲದ್ದಕ್ಕೆ ಅಂಥ ಅನುಕೂಲವಿಲ್ಲ. ಅದನ್ನು ಓದಲು ಆ ಕಾಲದ ಡ್ರೈವೇ ಬೇಕು. ಇನ್ನೊಂದು ಕಾರಣವೂ ಇತ್ತು, ಅದು ಯಂತ್ರದೊಳಗೆ ಸಿಕ್ಕಿಸಿದ್ದ ಒಂದು ಉದ್ದನೆಯ ಕಾರ್ಡು.

ಈಗಿನ ಮಕ್ಕಳಿಗೆ ಮೊಬೈಲಿನಲ್ಲಿ ಕನ್ನಡ ಬರುವುದು ನಲ್ಲಿಯಲ್ಲಿ ನೀರು ಬಂದಷ್ಟೇ ಸಹಜ. ಡಾಸ್ ಕಾಲದ ಯಂತ್ರಕ್ಕೆ ಇಂಗ್ಲಿಷ್ ಬಿಟ್ಟು ಬೇರೆ ಲಿಪಿ ತಿಳಿಯುತ್ತಿರಲಿಲ್ಲ. ಕಾನ್ಪುರದ ಐಐಟಿಯಲ್ಲಿ 1980ರ ದಶಕದಲ್ಲಿ ಆರಂಭವಾಗಿ, ಆ ಮೇಲೆ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ಎಂಬ ತಂತ್ರ ಈ ಕೊರತೆಯನ್ನು ಒಂದು ಕಾರ್ಡಿನ ಮೂಲಕ ನೀಗಿಸಿತು. ಕಾರ್ಡನ್ನು ಯಂತ್ರದೊಳಗೆ ಸಿಕ್ಕಿಸಿದರೆ ಅದೇ ಡಾಸ್ ಪರದೆಯ ಮೇಲೆ ಕನ್ನಡ, ತೆಲುಗು, ಮಲಯಾಳ, ದೇವನಾಗರಿ ಎಲ್ಲವೂ ಮೂಡುತ್ತಿತ್ತು. ಬ್ರಾಹ್ಮಿ ಮೂಲದ ಪ್ರಮುಖ ಭಾರತೀಯ ಲಿಪಿಗಳಿಗೆ ಒಂದೇ ಸಂಕೇತಪಟ್ಟಿ. ಅದನ್ನು ಇಸ್ಕಿ ಎಂದು ಕರೆದರು, 1991ರಲ್ಲಿ ಅದು ಭಾರತೀಯ ಮಾನಕವೂ ಆಯಿತು. ಕನ್ನಡದಲ್ಲಿ ಬರೆದ ಸಾಲನ್ನು ಹಾಗೆಯೇ ತೆಲುಗು ಲಿಪಿಗೆ ತಿರುಗಿಸಿ ನೋಡಬಹುದಾಗಿತ್ತು. ಎರಡು ಭಾಷೆಯ ನಡುವೆ ಬದುಕುವ ನಮ್ಮಂಥವರಿಗೆ ಇದು ಎಷ್ಟು ಹಿತವಾದ ಏರ್ಪಾಡು! ಇಂದಿನ ಯೂನಿಕೋಡಿನಲ್ಲಿ ಕನ್ನಡ ಅಕ್ಷರಗಳು ಕೂತಿರುವ ಕ್ರಮಕ್ಕೂ 1988ರ ಇಸ್ಕಿಯೇ ಮೂಲ.

ಅಂದರೆ ಆ ಯಂತ್ರದಲ್ಲಿ ಕನ್ನಡವೆಂಬುದು ಒಂದು ವಸ್ತುವಾಗಿತ್ತು, ಕೈಯಲ್ಲಿ ಹಿಡಿಯಬಹುದಾದ ವಸ್ತು. ಅದರ ಮೇಲೆ ಬೆರಳ ದಪ್ಪ ಅರಳೆ ಧೂಳು ಕೂತಿತ್ತು.

ಗಿರಣಿಯಲ್ಲಿ ಕೆಲಸ ಮಾಡುವ ಎಲೆಕ್ಟ್ರಿಷಿಯನ್ ಒಬ್ಬರು ಪ್ರೀತಿಯಿಂದಲೇ ಹೇಳಿದರು: "ಸಾರ್, ನಮ್ಮ ಗಿರಣಿ ಕಂಪ್ರೆಸರ್ ಗಾಳಿ ಹೊಡೀರಿ, ಎರಡು ನಿಮಿಷದಾಗ ಎಲ್ಲಾ ಹಾರಿ ಹೋಗ್ತದ." ಹೊಡೆಯಲಿಲ್ಲ. ಕಂಪ್ರೆಸರಿನ ಗಾಳಿಯಲ್ಲಿ ನೀರಿನ ಹನಿ, ಎಣ್ಣೆಯ ತುಂತುರು ಇರುತ್ತದೆ. ಒತ್ತಡವೂ ಹೆಚ್ಚು, ಸಡಿಲಾದ ಸಣ್ಣ ಬಿಡಿಭಾಗ ಕಿತ್ತು ಹೋದರೆ ಹುಡುಕುವುದೆಲ್ಲಿ? ಮನೆಯ ವ್ಯಾಕ್ಯೂಮ್ ಕ್ಲೀನರಿನ ಪ್ಲಾಸ್ಟಿಕ್ ಮೂತಿಯನ್ನೂ ಬೋರ್ಡಿಗೆ ತಾಗಿಸಬಾರದು. ಧೂಳು ಉಜ್ಜಿ ಹರಿಯುವಾಗ ಅಲ್ಲಿ ಸ್ಥಿರವಿದ್ಯುತ್ತು ಹುಟ್ಟುತ್ತದೆ.

ಈ ಸ್ಥಿರವಿದ್ಯುತ್ತಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಣ ಕೂದಲಿಗೆ ಉಜ್ಜಿದ ಬಾಚಣಿಗೆ ಕಾಗದದ ಚೂರನ್ನು ಎತ್ತುವ ಆಟ ಎಲ್ಲರಿಗೂ ಗೊತ್ತು. ಬೆರಳ ತುದಿಯಿಂದ ಕಿಡಿ ಹಾರಿ ಚುರುಕ್ಕೆಂದು ನಮಗೆ ತಿಳಿಯಬೇಕಾದರೆ ಸುಮಾರು ಮೂರು ಸಾವಿರ ವೋಲ್ಟ್ ಬೇಕು. ಹಳೆಯ ಚಿಪ್ಪೊಂದು ಕೆಡಲು ಕೆಲವು ನೂರು ವೋಲ್ಟ್ ಸಾಕು. ನಮಗೆ ತಿಳಿಯದ ಹಾಗೆಯೇ ಅದು ಸಾಯುತ್ತದೆ. ಗಾಳಿ ಒಣಗಿದಷ್ಟೂ ಈ ಅಪಾಯ ಹೆಚ್ಚು. ಆದವಾನಿಯಲ್ಲಿ ಮಾರ್ಚ್ ತಿಂಗಳಿಗೇ ತುಟಿ ಒಡೆಯುತ್ತದೆ, ಇನ್ನು ಹೇಳುವುದೇನು! ಆದ್ದರಿಂದ ನೈಲಾನ್ ಬಟ್ಟೆ ಬೇಡ, ಹತ್ತಿಯ ಅಂಗಿ ಇರಲಿ. ಬೋರ್ಡನ್ನು ಮುಟ್ಟುವ ಮುನ್ನ ಪ್ರತಿ ಸಲವೂ ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಬೇಕು. ಮೊಬೈಲ್ ರಿಪೇರಿಯವರು ಮಣಿಕಟ್ಟಿಗೆ ಕಟ್ಟಿಕೊಳ್ಳುವ ಪಟ್ಟಿ ಸಿಕ್ಕರೆ ಇನ್ನೂ ಒಳ್ಳೆಯದು. ಬೋರ್ಡನ್ನು ಅಂಚಿನಲ್ಲಿ ಹಿಡಿಯಬೇಕು, ರೊಟ್ಟಿಯ ಹಾಗೆ ಅಂಗೈ ಮೇಲೆ ಅಲ್ಲ.

ಪ್ಲಗ್ಗು ಕಿತ್ತ ಮೇಲೆಯೇ ಸ್ಕ್ರೂಗೆ ಕೈ ಹಾಕತಕ್ಕದ್ದು. ಮಾನಿಟರನ್ನೂ ವಿದ್ಯುತ್ ಪೂರೈಸುವ ಲೋಹದ ಡಬ್ಬಿಯನ್ನೂ ಮನೆಯಲ್ಲಿ ಯಾರೂ ತೆರೆಯಕೂಡದು. ಹಳೆಯ ಗಾಜಿನ ಮಾನಿಟರಿನಲ್ಲಿ ಪ್ಲಗ್ಗು ಕಿತ್ತ ಮೇಲೂ ಜೀವ ತೆಗೆಯುವಷ್ಟು ವಿದ್ಯುತ್ತು ಉಳಿದಿರಬಹುದು. ಇದರಲ್ಲಿ ರಿಯಾಯಿತಿ ಇಲ್ಲ. ಆ ಕೆಲಸ ಬಲ್ಲವರಿಗೇ ಬಿಡಿ. ಬಿಚ್ಚುವ ಮುನ್ನ ಮೊಬೈಲಿನಲ್ಲಿ ನಾಲ್ಕು ಕಡೆಯಿಂದಲೂ ಫೋಟೋ ತೆಗೆದಿಡಿ. ಚಪ್ಪಟೆ ತಂತಿಯ ಕೆಂಪು ಅಂಚು ಯಾವ ಕಡೆಗಿತ್ತು, ಸಣ್ಣ ಜಂಪರುಗಳು ಯಾವ ಮೊಳೆಗಳ ಮೇಲಿದ್ದುವು ಎಂಬುದು ಮರುದಿನ ಯಾರಿಗೂ ನೆನಪಿರುವುದಿಲ್ಲ.

ಇನ್ನು ಕೊಳೆಯ ವಿಚಾರ. ಕೊಳೆ ಎಂದರೆ ಒಂದೇ ಜಾತಿಯದಲ್ಲ. ಯಾವುದಕ್ಕೆ ಯಾವ ಮದ್ದು ಎಂದು ತಿಳಿಯದೆ ಸಿಕ್ಕಿದ್ದನ್ನು ಸುರಿಯುವುದರಿಂದಲೇ ಬಹಳ ಬೋರ್ಡುಗಳು ಹಾಳಾಗುತ್ತವೆ. ನಮ್ಮ ಯಂತ್ರದಲ್ಲಿ ಐದಾರು ಬಗೆ ಇತ್ತು. ಮೇಲೆ ಅರಳೆ, ಮಣ್ಣು. ಮೂಲೆಯಲ್ಲಿ ಹಲ್ಲಿಯ ಹಿಕ್ಕೆ, ಜಿರಲೆಯ ಮೊಟ್ಟೆಯ ಗೂಡು. ಮುಂಭಾಗದಲ್ಲಿ ವರ್ಷ ವರ್ಷದ ಆಯುಧಪೂಜೆಯ ಕುಂಕುಮ, ಗಂಧ. ಯಂತ್ರಕ್ಕೆ ಪೂಜೆ ಮಾಡಬಾರದೆಂದು ನಾವು ಹೇಳುವವರಲ್ಲ. ಗಂಧವನ್ನು ಗಾಳಿ ಕಿಂಡಿಯ ಮೇಲೆ ಹಚ್ಚದಿದ್ದರೆ ಸಾಕು. ಇಲಿ ಓಡಾಡಿದ ಗುರುತಿದ್ದರೆ ಕೈಗವಸು, ಮೂಗಿಗೆ ಮಾಸ್ಕು ಇಲ್ಲದೆ ಮುಟ್ಟಬೇಡಿ. ಇಲಿಜ್ವರ ಎಂದರೇನೆಂದು ಕೇರಳದಲ್ಲಿರುವ ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ಇಲಿಯ ಮೂತ್ರ ತಾಮ್ರವನ್ನೂ ತಿನ್ನುತ್ತದೆ.

ಒಣ ಕೊಳೆಯನ್ನು ಒಣಗಿಸಿಯೇ ತೆಗೆಯಬೇಕು. ಮೊದಲೇ ಒದ್ದೆ ಮಾಡಿದರೆ ಅರಳೆ ಮುದ್ದೆಯಾಗಿ ಚಿಪ್ಪಿನ ಕಾಲುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಚಿತ್ರ ಬರೆಯುವ ಮೆತ್ತನೆಯ ಕೂದಲಿನ ಕುಂಚ ಸಾಕು, ನೈಲಾನಿನದು ಬೇಡ. ಅಂಗಳದಲ್ಲಿ, ಗಾಳಿಯ ದಿಕ್ಕಿಗೆ ಬೆನ್ನು ಹಾಕಿ, ಮೇಲಿನಿಂದ ಕೆಳಕ್ಕೆ. ಕುಂಚಕ್ಕೆ ಸಿಕ್ಕದ ಎಳೆಗಳನ್ನು ಚಿಮಟದಿಂದ ಒಂದೊಂದಾಗಿ ಎತ್ತಬೇಕು. ನಮ್ಮ ಹತ್ತನೆಯ ತರಗತಿಯ ಇಬ್ಬರು ಹುಡುಗಿಯರು ಈ ಕೆಲಸವನ್ನು ಅಕ್ಕಿಯಲ್ಲಿ ಕಲ್ಲು ಆರಿಸುವಷ್ಟು ಸಲೀಸಾಗಿ ಮಾಡಿದರು. ಈ ಅರಳೆ ಬರಿಯ ಅಸಹ್ಯವಲ್ಲ. ಹತ್ತಿ ಗಾಳಿಯ ತೇವವನ್ನು ಹೀರುತ್ತದೆ. ಮಳೆ ಬಂದಾಗ ಒದ್ದೆ ಬತ್ತಿಯ ಹಾಗೆ ಒಂದು ತಂತಿಯಿಂದ ಇನ್ನೊಂದಕ್ಕೆ ವಿದ್ಯುತ್ತು ಸೋರಲು ದಾರಿ ಮಾಡುತ್ತದೆ.

ಜಿಡ್ಡಿಗೆ ಬೇಕಾದದ್ದು ಐಸೊಪ್ರೊಪೈಲ್ ಆಲ್ಕೊಹಾಲ್. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಐಪಿಎ ಎಂದರೆ ಕೊಡುತ್ತಾರೆ. ನೂರಕ್ಕೆ ತೊಂಬತ್ತೊಂಬತ್ತರ ಶುದ್ಧಿಯದು ಇರಲಿ. ಕೊರೋನಾ ಕಾಲದಲ್ಲಿ ಉಳಿದ ಸ್ಯಾನಿಟೈಸರ್ ಇದೆಯಲ್ಲ ಎನ್ನಬೇಡಿ, ಅದರಲ್ಲಿ ಗ್ಲಿಸರಿನ್ ಇದ್ದು ಅಂಟು ಉಳಿಯುತ್ತದೆ. ಸೀಮೆಎಣ್ಣೆ, ಬೀಗಕ್ಕೆ ಹೊಡೆಯುವ ಸ್ಪ್ರೇ ಎಣ್ಣೆ ಎರಡೂ ಪದರ ಬಿಟ್ಟು ಮತ್ತಷ್ಟು ಧೂಳನ್ನು ಕರೆಯುತ್ತವೆ. ಪೇಂಟಿನ ಥಿನ್ನರ್, ಅಸಿಟೋನ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತವೆ. ಐಪಿಎ ಬೇಗ ಹತ್ತಿಕೊಳ್ಳುವ ವಸ್ತು. ಒಲೆಯ ಬಳಿ, ದೇವರ ದೀಪದ ಬಳಿ ಬಾಟಲಿ ತೆರೆಯಬೇಡಿ, ಕಿಟಕಿ ತೆರೆದಿರಲಿ. ಕುಂಚಕ್ಕೆ ಅದ್ದಿ ಉಜ್ಜಿ, ಕರಗಿದ ಕೊಳೆಯನ್ನು ಕನ್ನಡಕ ಒರೆಸುವ ಬಟ್ಟೆಯಿಂದ ಒತ್ತಿ ತೆಗೆಯಬೇಕು. ಹತ್ತಿಯ ಉಂಡೆ ಹಚ್ಚಿದರೆ ಮತ್ತೆ ಎಳೆ ಬಿಡುತ್ತದೆ. ಹತ್ತಿಯ ಊರಿನಲ್ಲಿ ಕೂತು ಹತ್ತಿ ಬೇಡವೆನ್ನಬೇಕಾಯಿತು.

ಕಾರ್ಡಿನ ಅಂಚಿನ ಬಂಗಾರದ ಲೇಪದ ಬೆರಳುಗಳಿಗೆ ರಬ್ಬರು ಉಜ್ಜುವ ರೂಢಿ ಎಲ್ಲ ಕಡೆ ಇದೆ. ನಮಗೆ ಅದು ಅಷ್ಟು ಒಪ್ಪಿಗೆಯಿಲ್ಲ. ಬಂಗಾರದ ಪದರ ಬಹಳ ತೆಳು, ಉಜ್ಜಿದಷ್ಟೂ ಸವೆಯುತ್ತದೆ. ಮೊದಲು ಐಪಿಎ ಅದ್ದಿದ ಬಟ್ಟೆಯಿಂದ ಒರೆಸಿ ನೋಡಿ. ಅದರಿಂದಾಗದಿದ್ದರೆ ಮಾತ್ರ ಮೆತ್ತನೆಯ ಬಿಳಿ ರಬ್ಬರಿನಿಂದ ಒಂದೆರಡು ಸಲ. ಶಾಯಿ ಅಳಿಸುವ ಒರಟು ರಬ್ಬರು, ಮರಳು ಕಾಗದ ಸರ್ವಥಾ ಕೂಡದು.

ಎಲ್ಲಕ್ಕಿಂತ ಕೆಟ್ಟದ್ದು ಬ್ಯಾಟರಿಯ ಕೊಳೆ. 286, 386 ಕಾಲದ ಮದರ್‌ಬೋರ್ಡುಗಳಲ್ಲಿ ಕೀಬೋರ್ಡಿನ ತಂತಿ ಚುಚ್ಚುವ ಜಾಗದ ಬಳಿ, ನೀಲಿ ಅಥವಾ ಹಸಿರು ಹೊದಿಕೆಯ, ಸಣ್ಣ ಪೀಪಾಯಿಯಂಥ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಇರುತ್ತದೆ, 3.6 ವೋಲ್ಟಿನದು. ಯಂತ್ರದ ದಿನಾಂಕ ನೆನಪಿಡುವುದು ಅದರ ಕೆಲಸ. ವರ್ಷಗಳು ಕಳೆದಂತೆ ಅದು ಸೋರುತ್ತದೆ. ಸುತ್ತಲೂ ಬಿಳಿ ಹಸಿರು ಹುರುಪು ಹಬ್ಬಿ ತಾಮ್ರದ ಗೆರೆಗಳನ್ನು ತಿನ್ನುತ್ತ ಹೋಗುತ್ತದೆ. ಇದಕ್ಕೆ ಬಹಳ ಮಂದಿ ಅಡಿಗೆ ಸೋಡ ಹಾಕುತ್ತಾರೆ. ಕಾರಿನ ಬ್ಯಾಟರಿಯ ಆಮ್ಲಕ್ಕೆ ಅದು ಸರಿಯೇ. ಇಲ್ಲಿ ಸೋರಿದ್ದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ಕ್ಷಾರಕ್ಕೆ ಮತ್ತೆ ಸೋಡ ಹಾಕಿ ಏನು ಪ್ರಯೋಜನ?

ಇದನ್ನು ಮಕ್ಕಳಿಗೆ ತೋರಿಸುವುದು ಸುಲಭ. ಬಳ್ಳಾರಿಯಲ್ಲಿ ಟಿ.ಸಿ.ಎಚ್. ಓದುವಾಗ ಕಾಸಿಲ್ಲದ ಪಾಠೋಪಕರಣವೆಂದು ಕಲಿತ ಅರಿಸಿನದ ಕಾಗದ ಇಲ್ಲಿ ಕೆಲಸಕ್ಕೆ ಬಂತು. ಅರಿಸಿನದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದದ ಪಟ್ಟಿಯನ್ನು ಸ್ವಲ್ಪ ತೇವ ಮಾಡಿ, ಆ ಹುರುಪಿಗೆ ತಾಗಿಸಿದೆವು. ಹಳದಿ ಕಾಗದ ಕೆಂಪಾಯಿತು. ಅರಿಸಿನಕ್ಕೆ ಸುಣ್ಣ ಸೇರಿ ಕುಂಕುಮವಾಗುವುದೂ ಇದೇ ಕ್ರಿಯೆ ಎಂದಾಗ ಮಕ್ಕಳ ಮುಖ ಅರಳಿತು.

ಬ್ಯಾಟರಿಯನ್ನು ಮೊದಲು ಬಿಡಿಸಬೇಕು. ಕೈಗವಸು ಇರಲಿ, ಕ್ಯಾಡ್ಮಿಯಂ ವಿಷ. ಅದನ್ನು ಮನೆಯ ಕಸಕ್ಕಾಗಲಿ ಬೆಂಕಿಗಾಗಲಿ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬೇಕು. ಆ ಮೇಲೆ ಬಿಳಿ ವಿನೆಗರನ್ನು ಸಣ್ಣ ಕುಂಚದಿಂದ ಹುರುಪಿನ ಮೇಲಷ್ಟೇ ಹಚ್ಚಿ, ಗುಳ್ಳೆ ಏಳುವುದು ನಿಂತ ಮೇಲೆ ಡಿಸ್ಟಿಲ್ಡ್ ವಾಟರಿನಿಂದ ಎರಡು ಮೂರು ಸಲ ತೊಳೆಯಬೇಕು; ಕೊನೆಗೆ ಐಪಿಎ. ನಮ್ಮ ಮನೆಯ ಹೆಂಗಸರು ಹಿತ್ತಾಳೆ ತಂಬಿಗೆಗೆ ಹಚ್ಚುವ ಹುಣಸೆಹಣ್ಣಿನ ಸಲಹೆ ಕೊಟ್ಟರು. ರಸಾಯನಶಾಸ್ತ್ರ ಸರಿಯಾಗಿಯೇ ಇದೆ, ಆದರೆ ಹುಣಸೆಯ ರಸ, ನಾರು ಚಿಪ್ಪಿನಡಿ ಉಳಿದರೆ ಇರುವೆಗಳಿಗೆ ಹಬ್ಬ. ಡಿಸ್ಟಿಲ್ಡ್ ವಾಟರ್ ಇನ್ವರ್ಟರ್ ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಅಲ್ಲಿಯೇ ಆಮ್ಲವನ್ನೂ ಅಂಥದೇ ಡಬ್ಬಿಯಲ್ಲಿ ಮಾರುತ್ತಾರೆ, ಚೀಟಿ ಓದಿ ತನ್ನಿ. ಕೊಳವೆಬಾವಿಯ ನೀರು ಬೇಡವೇ ಬೇಡ. ನಮ್ಮ ಸೀಮೆಯ ಗಡಸು ನೀರು ಆರಿದರೆ ಬಿಂದಿಗೆಗೇ ಬಿಳಿ ಕಟ್ಟುತ್ತದೆ.

ತೊಳೆದ ಬೋರ್ಡನ್ನು ಒಣಗಿಸುವಲ್ಲಿ ನಮ್ಮೂರಿನವರಿಗೆ ತಟ್ಟನೆ ಹೊಳೆಯುವುದು ಬಿಸಿಲು. ಹಪ್ಪಳ ಒಣಗಿಸಿದ ಹಾಗೆ ಮಾಳಿಗೆಯ ಮೇಲೆ ಇಟ್ಟುಬಿಡೋಣ ಎಂದು ಹುಡುಗರು ಹೊರಟಿದ್ದರು. ಇಲ್ಲಿ ಒಂದು ಸೂಕ್ಷ್ಮವಿದೆ. ಹಳೆಯ ಬೋರ್ಡುಗಳಲ್ಲಿ ಕೆಲವು ಚಿಪ್ಪುಗಳ ನೆತ್ತಿಯ ಮೇಲೆ ಸಣ್ಣ ಗಾಜಿನ ಕಿಟಕಿ ಇದ್ದು, ಅದರ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಅವು ಇಪ್ರಾಮ್ ಎಂಬ ಜಾತಿಯವು. ಕಿಟಕಿಯ ಮೂಲಕ ಅತಿನೇರಳೆ ಕಿರಣ ಬಿದ್ದರೆ ಒಳಗಿನ ಬರಹ ಅಳಿಸಿಹೋಗುತ್ತದೆ. ನೇರ ಬಿಸಿಲಿನಲ್ಲಿ ಸುಮಾರು ಒಂದು ವಾರ ಸಾಕು. ಆ ಚೀಟಿಯನ್ನು ಕೊಳೆಯೆಂದು ಕಿತ್ತು ಬಿಸಿಲಿಗಿಟ್ಟರೆ, ಬೋರ್ಡು ಫಳಫಳ ಹೊಳೆಯುತ್ತದೆ, ಒಳಗೆ ಏನೂ ಇರುವುದಿಲ್ಲ. ನೆರಳಿನಲ್ಲಿ, ಫ್ಯಾನಿನ ಗಾಳಿಯಲ್ಲಿ, ಎರಡು ಹಗಲು ಎರಡು ರಾತ್ರಿ ಇಟ್ಟೆವು.

ನಿಮ್ಮ ಕಡೆ ಕಷ್ಟ ಬೇರೆ. ನಮ್ಮಲ್ಲಿ ವರ್ಷಕ್ಕೆ ಬೀಳುವ ಮಳೆ ಆರುನೂರು ಮಿಲಿಮೀಟರಿನ ಆಸುಪಾಸು. ನಿಮ್ಮಲ್ಲಿ ಅದರ ಐದು ಪಟ್ಟಿಗೂ ಮೇಲೆ. ಅರಳೆಯ ಬದಲು ನಿಮಗೆ ಬೂಷ್ಟು, ಉಪ್ಪುಗಾಳಿ. ಕಡಲ ಬದಿಯ ಊರಿನಲ್ಲಿ ತಾಮ್ರ ಹಸಿರಾಗುವುದು ಬೇಗ. ಆಟಿ ತಿಂಗಳಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಡಿಸೆಂಬರಿನಿಂದ ಮಾರ್ಚಿನವರೆಗೆ ಒಳ್ಳೆಯ ಕಾಲ. ಬೂಷ್ಟು ಹಿಡಿದ ಫ್ಲಾಪಿಯನ್ನು ಹಾಗೆಯೇ ಡ್ರೈವಿಗೆ ತುರುಕಿದರೆ ಅದು ಓದುವ ತಲೆಗೆ ಅಂಟಿ, ಮುಂದೆ ಹಾಕಿದ ಒಳ್ಳೆಯ ಫ್ಲಾಪಿಯನ್ನೂ ಗೀರುತ್ತದೆ. ಡ್ರೈವಿನ ತಲೆಯನ್ನು ಐಪಿಎಯಿಂದ ಒರೆಸಿ, ಮೊದಲು ಬೇಡದ ಫ್ಲಾಪಿಯೊಂದನ್ನು ಹಾಕಿ ನೋಡಬೇಕು.

ಯಂತ್ರಕ್ಕೆ ಮತ್ತೆ ವಿದ್ಯುತ್ತು ಕೊಡುವ ಮುನ್ನ ಪವರ್ ಸಪ್ಲೈಯನ್ನು ಬಲ್ಲವರಿಂದ ಪರೀಕ್ಷೆ ಮಾಡಿಸಿದೆವು. 1984ರಲ್ಲಿ ಕೇಂದ್ರ ಸರಕಾರದ ಕ್ಲಾಸ್ ಯೋಜನೆಯಲ್ಲಿ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೋ ಯಂತ್ರ ನಿಮ್ಮ ಕಡೆಯ ಯಾವುದಾದರೂ ಶಾಲೆಯ ಅಟ್ಟದಲ್ಲಿದ್ದರೆ, ಅದಕ್ಕೂ ಈ ಎಚ್ಚರ ಬೇಕು. ಅದರ ಪವರ್ ಸಪ್ಲೈಯಲ್ಲಿರುವ ಕಾಗದದ ಕೆಪ್ಯಾಸಿಟರುಗಳು ವಯಸ್ಸಾಗಿ ಬಿರುಕು ಬಿಟ್ಟು, ಸ್ವಿಚ್ಚು ಹಾಕಿದ ಸ್ವಲ್ಪ ಹೊತ್ತಿಗೆ ಹೊಗೆಯಾಡುವುದು ಪ್ರಸಿದ್ಧ.

ಬ್ಯಾಟರಿ ತೆಗೆದ ಯಂತ್ರಕ್ಕೆ ತನ್ನಲ್ಲಿ ಯಾವ ಡ್ರೈವು ಇದೆಯೆಂಬುದೇ ನೆನಪಿರುವುದಿಲ್ಲ. ಪ್ರತಿ ಸಲವೂ ಕೀಬೋರ್ಡಿನಿಂದ ಹೇಳಿಕೊಡಬೇಕು. ಹೇಳಿಕೊಟ್ಟೆವು. ಡಾಸ್ ಬಂತು. ಜಿಸ್ಟ್‌ಗೆ ಚಾಲನೆ ಕೊಟ್ಟಾಗ ಪರದೆ ಒಂದು ಕ್ಷಣ ಕಪ್ಪಾಯಿತು, ಆ ಮೇಲೆ ಕನ್ನಡ ಮೂಡಿತು. ದಪ್ಪ ದಪ್ಪ ಚುಕ್ಕೆಗಳ, ಅಂದವಿಲ್ಲದ ಅಕ್ಷರ. ಪಂಡಿತರ ಮಗಳು ಪಕ್ಕದಲ್ಲಿ ನಿಂತಿದ್ದರು. "ಅಪ್ಪಾಜಿ ಇದ್ನೇ ಕೂತು ಬಡೀತಿದ್ರು" ಎಂದಷ್ಟೇ ಹೇಳಿದರು.

ಹದಿನೇಳು ಫ್ಲಾಪಿಗಳಲ್ಲಿ ಹನ್ನೊಂದು ಪೂರ್ತಿ ಓದಿಸಿಕೊಂಡುವು, ಎರಡು ಅರ್ಧಂಬರ್ಧ, ನಾಲ್ಕು ಏನೂ ಇಲ್ಲ. ಓದಿದ್ದನ್ನು ಅದೇ ಯಂತ್ರದಲ್ಲಿ ಮೂರೂವರೆ ಅಂಗುಲದ ಫ್ಲಾಪಿಗೆ ಇಳಿಸಿ, ಅಲ್ಲಿಂದ ಇಂದಿನ ಕಂಪ್ಯೂಟರಿಗೆ ತಂದೆವು. ಇಸ್ಕಿಯಿಂದ ಯೂನಿಕೋಡಿಗೆ ತಿರುಗಿಸುವುದು ಕಷ್ಟವಲ್ಲ. ಸಂಕೇತಪಟ್ಟಿ ಪ್ರಕಟವಾಗಿಯೇ ಇದೆ. ತಿರುಗಿಸಿದ್ದು ಸರಿಯೇ ಎಂದು ಹಳೆಯ ಪರದೆಯ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸಿ ನೋಡಲು ಜಿಸ್ಟ್ ಕಾರ್ಡು ನೆರವಾಯಿತು. ಒತ್ತಕ್ಷರದಲ್ಲಿ, ಅರ್ಕಾವೊತ್ತಿನಲ್ಲಿ ತಪ್ಪು ನುಸುಳುವುದು ಹೆಚ್ಚು. ತಿದ್ದುವ ಕೆಲಸ ಇನ್ನೂ ನಡೆಯುತ್ತಿದೆ. 'ಕ'ದಿಂದ 'ತ'ದವರೆಗಿನ ಮಾತುಗಳು ಬಹುಮಟ್ಟಿಗೆ ಸಿಕ್ಕಿವೆ, 'ಪ' ವರ್ಗ ಪೂರ್ತಿ ಹೋಗಿದೆ. ಅದನ್ನು ಹಳ್ಳಿಗಳ ವೃದ್ಧರಿಂದ ಮತ್ತೆ ಕೇಳಿ ಬರೆದುಕೊಳ್ಳಲು ಮಕ್ಕಳನ್ನು ಹಚ್ಚಿದ್ದೇವೆ.

ಕಾಸರಗೋಡು, ಮಂಜೇಶ್ವರ ಸೀಮೆಯಲ್ಲೂ ಮುಚ್ಚಿದ ಮುದ್ರಣಾಲಯಗಳು, ಯಕ್ಷಗಾನ ಪ್ರಸಂಗ ಬೆರಳಚ್ಚು ಮಾಡಿಸಿದ ಮನೆಗಳು, ಸಂಘಗಳ ಕಚೇರಿಗಳು ಇರಬಹುದಲ್ಲವೆ? ಅಟ್ಟ ಶುಚಿ ಮಾಡುವಾಗ ಹಳೆಯ ಯಂತ್ರ ಸಿಕ್ಕಿದರೆ ತೂಕಕ್ಕೆ ಹಾಕುವ ಮುನ್ನ ಒಳಗೆ ಉದ್ದದ ಕಾರ್ಡು ಇದೆಯೇ, ಪಕ್ಕದಲ್ಲಿ ಫ್ಲಾಪಿಗಳಿವೆಯೇ ಎಂದು ನೋಡಿ. ಕೂಡಲೇ ಶುಚಿ ಮಾಡಲು ಆಗದಿದ್ದರೆ ಸೋರುವ ಬ್ಯಾಟರಿಯನ್ನಾದರೂ ಬಲ್ಲವರಿಂದ ಬಿಡಿಸಿಡಿ. ಉಳಿದ ಕೊಳೆ ಕಾಯುತ್ತದೆ, ಅದು ಕಾಯುವುದಿಲ್ಲ. ಶುಚಿ ಮಾಡಿದ ಕಾರ್ಡನ್ನು ಕಂಪ್ಯೂಟರ್ ಅಂಗಡಿಯಲ್ಲಿ ಸಿಗುವ ಬೂದು ಬಣ್ಣದ, ಸ್ಥಿರವಿದ್ಯುತ್ತು ತಡೆಯುವ ಚೀಲದಲ್ಲಿ ಹಾಕಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಕು. ಡಬ್ಬಿಯ ಮೇಲೆ ಯಾವ ಯಂತ್ರದ್ದು, ಯಾರ ಮನೆಯದು, ಯಾವ ವರ್ಷ ತೆರೆದದ್ದು ಎಂದು ಕನ್ನಡದಲ್ಲಿ ಬರೆದಿಡಿ. ಫ್ಲಾಪಿಗಳನ್ನು ಅದೇ ಡಬ್ಬಿಯಲ್ಲಿ ಒತ್ತಿ ತುಂಬಬಾರದು. ಬೇರೆ ಪೆಟ್ಟಿಗೆಯಲ್ಲಿ, ನೆಟ್ಟಗೆ ನಿಲ್ಲಿಸಿ, ಸ್ಪೀಕರಿನಿಂದ ದೂರ.